ಕಾರ್ಪೆಟ್ ಸಾಹೇಬನ ಗೋಡೆ

ಊರಿಗೆ ಹುಲಿ ಬಂತು, ಅಪಾರ್ಟ್‌ಮೆಂಟಿನ ಕಾಂಪೌಂಡಿನಲ್ಲಿ ಚಿರತೆ ಓಡಾಡಿತು, ಸಕಲೇಶಪುರದ ಕಡೆ ಕಾಫಿ ತೋಟಕ್ಕೆ ಆನೆ ನುಗ್ಗಿತು. ಇಂಥ ಸುದ್ದಿ ಕ್ಲಾಸ್ ಗ್ರೂಪಿನಲ್ಲಿ ಬಿದ್ದ ಕೂಡಲೇ ನಮ್ಮಲ್ಲಿ ಎರಡು ಪಾರ್ಟಿ ಆಗಿಬಿಡುತ್ತವೆ. ಒಂದು ಪಾರ್ಟಿ, ಗುಂಡು ಹೊಡೆದು ಮುಗಿಸಿ ಅನ್ನುತ್ತೆ. ಇನ್ನೊಂದು, ಪ್ರಾಣಿ ಏನು ಮಾಡ್ತು ಪಾಪ, ಕಾಡಿಗೆ ನುಗ್ಗಿದವರು ಮನುಷ್ಯರೇ ಅಲ್ವಾ ಅನ್ನುತ್ತೆ. ಎರಡೂ ಪಾರ್ಟಿಯವರು ಹಾಸ್ಟೆಲ್ ರೂಮಿನಲ್ಲಿ ಕೂತು ಟೈಪ್ ಮಾಡುವವರೇ. ನಾಳೆ ಬೆಳಿಗ್ಗೆ ಎದ್ದು ಅದೇ ಹುಲಿ ಇರುವ ಗುಡ್ಡಕ್ಕೆ ಹುಲ್ಲು ಕೊಯ್ಯೋಕೆ ಹೋಗಬೇಕಾದವರು ಯಾರೂ ಇಲ್ಲ.

ಈ ಜಗಳದ ನಡುವೆ ನೂರು ವರ್ಷಕ್ಕಿಂತ ಹಿಂದೆಯೇ ಒಬ್ಬ ಮನುಷ್ಯ ಹೋಗಿ ನಿಂತಿದ್ದ. ಅವನೇ ಜಿಮ್ ಕಾರ್ಬೆಟ್. ನರಭಕ್ಷಕ ಹುಲಿಗಳನ್ನು ಹೊಡೆದ ಬೇಟೆಗಾರ, ಆಮೇಲೆ ಅವನ ಹೆಸರಲ್ಲಿ ಒಂದು ನ್ಯಾಷನಲ್ ಪಾರ್ಕ್ ಆಯ್ತು. ಸಾಮಾನ್ಯವಾಗಿ ಎಲ್ಲರಿಗೂ ಗೊತ್ತಿರುವುದು ಇಷ್ಟು. ಆದರೆ ಅವನು ಇಪ್ಪತ್ತಕ್ಕೂ ಹೆಚ್ಚು ವರ್ಷ ರೈಲ್ವೆಯಲ್ಲಿ ದುಡಿದವನು, ಒಂದು ಹಳ್ಳಿಯ ಸುತ್ತ ಗೋಡೆ ಕಟ್ಟಿಸಿದವನು ಅನ್ನೋದು ಅಷ್ಟಾಗಿ ಯಾರೂ ಹೇಳದ ವಿಷಯ. ಎಂಜಿನಿಯರಿಂಗ್ ಓದುವ ನಮಗೆ ಬೇಕಾದ ಕಾರ್ಬೆಟ್ ಅವನೇ.

1875ರ ಜುಲೈ 25ರಂದು ನೈನಿತಾಲ್‌ನಲ್ಲಿ ಕಾರ್ಬೆಟ್ ಹುಟ್ಟಿದ. ಅಪ್ಪ ಕ್ರಿಸ್ಟೋಫರ್ ಕಾರ್ಬೆಟ್ ಅಲ್ಲಿನ ಪೋಸ್ಟ್‌ಮಾಸ್ಟರ್. ಮನೆ ತುಂಬ ಮಕ್ಕಳು. 1881ರಲ್ಲಿ ಅಪ್ಪ ತೀರಿಕೊಂಡಾಗ ಜಿಮ್‌ಗೆ ಆರು ವರ್ಷವೂ ತುಂಬಿರಲಿಲ್ಲ. ತಾಯಿ ಮೇರಿ ಜೇನ್ ಇರುವ ಅಲ್ಪಸ್ವಲ್ಪದಲ್ಲೇ ಸಂಸಾರ ತೂಗಿಸಿದಳು. ಬೇಸಿಗೆಗೆ ನೈನಿತಾಲ್, ಚಳಿಗಾಲಕ್ಕೆ ಬೆಟ್ಟದ ಬುಡದ ಕಾಲಾಢೂಂಗಿ. ಈ ಕಾಲಾಢೂಂಗಿಯ ಮನೆಯ ಹಿಂದೆಯೇ ಕಾಡು. ಹುಡುಗ ಅಲ್ಲಿ ಹಕ್ಕಿಗಳ ಕೂಗು ಕಲಿತ, ಹೆಜ್ಜೆ ಗುರುತು ಓದೋದು ಕಲಿತ. ಕುಂವರ್ ಸಿಂಗ್ ಎಂಬ ಕಳ್ಳಬೇಟೆಗಾರನೇ ಅವನಿಗೆ ಗುರು. ಮಣ್ಣಿನ ಮೇಲೆ ಬಿದ್ದ ಒಂದು ಪಂಜದ ಗುರುತು ನೋಡಿ ಅದು ಗಂಡೋ ಹೆಣ್ಣೋ, ಎಷ್ಟು ವಯಸ್ಸು, ಎಷ್ಟು ಹೊತ್ತಿನ ಹಿಂದೆ ಹೋಯಿತು ಅಂತ ಹೇಳುವ ವಿದ್ಯೆ ಹೀಗೆ ಬಂತು. ಯಾವ ಕಾಲೇಜಿನ ಸಿಲೆಬಸ್‌ನಲ್ಲೂ ಇಲ್ಲದ ವಿದ್ಯೆ. ಮುಂದೆ ಅವನ ಜೀವ ಉಳಿಸಿದ್ದೂ ಇದೇ.

ಮನೆಯ ಪರಿಸ್ಥಿತಿಯಿಂದಾಗಿ ಓದು ಮುಂದುವರಿಯಲಿಲ್ಲ. ಇಪ್ಪತ್ತು ತುಂಬುವ ಮೊದಲೇ, ಅಂದರೆ ಹತ್ತಿರ ಹತ್ತಿರ ನಮ್ಮ ವಯಸ್ಸಿಗೇ, ಅವನು ಬೆಂಗಾಲ್ ಅಂಡ್ ನಾರ್ತ್ ವೆಸ್ಟರ್ನ್ ರೈಲ್ವೆಗೆ ಸೇರಿದ. ಹುದ್ದೆ ಫ್ಯೂಯಲ್ ಇನ್‌ಸ್ಪೆಕ್ಟರ್. ಕೇಳೋಕೆ ದೊಡ್ಡದಾಗಿದೆ. ಕೆಲಸ ಮಾತ್ರ ಕಾಡಿನಲ್ಲಿ ಟೆಂಟ್ ಹಾಕಿಕೊಂಡು ಮರ ಕಡಿಸೋದು, ಯಾಕಂದ್ರೆ ಆ ಲೈನಿನ ಉಗಿ ಎಂಜಿನ್‌ಗಳು ಆಗ ಸೌದೆ ಉರಿಸಿ ಓಡುತ್ತಿದ್ದವು. ಮುಂದೆ ಕಾಡು ಉಳಿಸಿ ಅಂತ ಊರೂರು ಹೇಳಿಕೊಂಡು ತಿರುಗಿದವನ ಮೊದಲ ಸಂಬಳ ಬಂದದ್ದು ಕಾಡು ಕಡಿದ ಲೆಕ್ಕದಿಂದ. ಎಂಜಿನ್‌ಗಳು ಕಲ್ಲಿದ್ದಲಿಗೆ ಬದಲಾದ ಮೇಲೆ ಆ ಕೆಲಸ ಮುಗಿಯಿತು.

ಆಮೇಲೆ ಅವನು ಹೋದದ್ದು ಗಂಗಾ ತೀರದ ಮೊಕಾಮಾ ಘಾಟ್‌ಗೆ. ಈ ಜಾಗದ ತಾಪತ್ರಯ ನಮಗೆ ಬೇಗ ಅರ್ಥ ಆಗುತ್ತೆ. ದಕ್ಷಿಣದಿಂದ ಬರುವ ರೈಲು ಬ್ರಾಡ್ ಗೇಜ್, ಹಳಿಗಳ ನಡುವೆ 1676 ಮಿಲಿಮೀಟರ್. ನದಿಯ ಉತ್ತರಕ್ಕೆ ಹೋಗುವುದು ಮೀಟರ್ ಗೇಜ್, 1000 ಮಿಲಿಮೀಟರ್. ಒಂದರ ವ್ಯಾಗನ್ ಇನ್ನೊಂದರ ಹಳಿಯ ಮೇಲೆ ಓಡಲ್ಲ. ಹಾಗಾಗಿ ಬಂದ ಸರಕನ್ನೆಲ್ಲ ಇಳಿಸಿ ಮತ್ತೆ ತುಂಬಿಸಬೇಕು. ಕ್ರೇನ್ ಇಲ್ಲ, ಕನ್ವೇಯರ್ ಇಲ್ಲ, ಇದ್ದದ್ದು ಸಲಿಕೆ, ಬುಟ್ಟಿ ಮತ್ತು ಮನುಷ್ಯರ ಬೆನ್ನು. ಸರಕು ರಾಶಿ ಬಿದ್ದು ಯಾರೂ ಸುಧಾರಿಸಲಾಗದೆ ಇದ್ದ ಹೊತ್ತಿಗೆ ಆ ಗುತ್ತಿಗೆ ಇಪ್ಪತ್ತರ ಆಸುಪಾಸಿನ ಈ ಹುಡುಗನ ಕೈಗೆ ಬಂತು. ಕೂಲಿಗಳ ಜೊತೆ ತಾನೂ ಕಲ್ಲಿದ್ದಲು ಎತ್ತಿ ಆ ರಾಶಿ ಕರಗಿಸಿದ. ಸ್ಟೇಷನ್ ಮಾಸ್ಟರ್ ರಾಮ್ ಸರನ್ ಜೊತೆ ಸೇರಿ ಕೆಲಸಗಾರರ ಮಕ್ಕಳಿಗೆ ಒಂದು ಶಾಲೆ ತೆರೆದ. ಮೊದಲ ಮಹಾಯುದ್ಧದಲ್ಲಿ ಕುಮಾಂವ್‌ನ 500 ಜನರ ತಂಡ ಕಟ್ಟಿಕೊಂಡು ಫ್ರಾನ್ಸ್‌ಗೆ ಹೋಗುವವರೆಗೂ ಮೊಕಾಮಾ ಘಾಟ್ ಅವನ ಊರಾಗಿತ್ತು.

ಅಂದರೆ ನರಭಕ್ಷಕಗಳ ಬೇಟೆ ಅವನ ಉದ್ಯೋಗ ಆಗಿರಲಿಲ್ಲ. ರಜೆ ಹಾಕಿ ಹೋಗುತ್ತಿದ್ದ. ಕೂಲಿ ತಗೊಳ್ತಿರಲಿಲ್ಲ. ಮೊದಲ ಸಲ ಹೋದದ್ದು 1907ರಲ್ಲಿ, ಚಂಪಾವತ್‌ನ ಹೆಣ್ಣು ಹುಲಿಯ ಬೆನ್ನು ಹತ್ತಿ. ಆ ಹುಲಿ ನೇಪಾಳದಲ್ಲಿ ಸುಮಾರು 200 ಜನರನ್ನು ಕೊಂದು, ಅಲ್ಲಿಂದ ಓಡಿಸಿದ ಮೇಲೆ ಕುಮಾಂವ್‌ಗೆ ಬಂದು ಇನ್ನೂ 234 ಜನರನ್ನು ತಿಂದಿತ್ತು. ಕಾರ್ಬೆಟ್ ಹೋದ ಮೇಲೂ ಸಾವು ನಿಲ್ಲಲಿಲ್ಲ, ಒಟ್ಟು ಲೆಕ್ಕ 436ಕ್ಕೆ ಮುಟ್ಟಿತು. ಇದು ಒಂದೇ ಪ್ರಾಣಿಯ ಲೆಕ್ಕ.

ಹೊರಡುವ ಮೊದಲು ಅವನು ಸರ್ಕಾರಕ್ಕೆ ಎರಡು ಷರತ್ತು ಹಾಕಿದ. ಹುಲಿಯ ತಲೆಗೆ ಇಟ್ಟಿದ್ದ ಬಹುಮಾನ ರದ್ದಾಗಬೇಕು, ಬೇರೆ ಬೇಟೆಗಾರರೆಲ್ಲ ಕಾಡಿನಿಂದ ಹೊರಗೆ ಬರಬೇಕು. ಒಂದು ಕಾರಣ ಸ್ವಾಭಿಮಾನ. ದುಡ್ಡಿಗಾಗಿ ಬಂದವನು ಅಂತ ಅನ್ನಿಸಿಕೊಳ್ಳೋಕೆ ಇಷ್ಟ ಇರಲಿಲ್ಲ. ಇನ್ನೊಂದು ತೀರಾ ಪ್ರಾಕ್ಟಿಕಲ್. ಹತ್ತು ಬಂದೂಕು ಪೊದೆಯಲ್ಲಿ ಅಡಗಿರುವ ಕಾಡಿನಲ್ಲಿ ಹುಲಿಗಿಂತ ಮೊದಲು ಮನುಷ್ಯನೇ ಉರುಳಬಹುದು.

ಪಾಲಿ ಎಂಬ ಹಳ್ಳಿಗೆ ಅವನು ಮುಟ್ಟಿದಾಗ ಜನ ಐದು ದಿನದಿಂದ ಬಾಗಿಲು ತೆಗೆದಿರಲಿಲ್ಲ. ಗದ್ದೆಯಲ್ಲಿ ಬೆಳೆ ಕೊಯ್ಲಿಗೆ ಬಂದು ನಿಂತಿತ್ತು. ಕೊಯ್ಯೋಕೆ ಯಾರಿಗೂ ಧೈರ್ಯ ಇಲ್ಲ. ಕಾರ್ಬೆಟ್ ಅಲ್ಲಿ ಹುಲಿ ಹುಡುಕುವ ಮೊದಲು ಇನ್ನೊಂದು ಕೆಲಸ ಮಾಡಿದ. ರೈಫಲ್ ಹಿಡಿದು ಗದ್ದೆಯ ಬದುವಿನಲ್ಲಿ ಕಾವಲು ನಿಂತ. ಸಂಜೆಯೊಳಗೆ ಹೆಚ್ಚುಕಡಿಮೆ ಅಷ್ಟೂ ಬೆಳೆ ಮನೆ ಸೇರಿತು. ಹುಲಿ ಕತೆ ಹೇಳುವವರು ಇದನ್ನು ಹಾರಿಸಿಬಿಡ್ತಾರೆ. ನಮಗೆ ಮಾತ್ರ ಇದೇ ದೊಡ್ಡ ವಿಷಯ ಅನ್ನಿಸುತ್ತೆ. ಹುಲಿ ತಿಂದದ್ದು 436 ಜನರನ್ನು, ಆದರೆ ಹೊಲಕ್ಕೆ ಹೋಗಲಾಗದೆ, ಸೌದೆ ತರಲಾಗದೆ, ದನ ಬಿಡಲಾಗದೆ ಸೊರಗಿದವರು ಎಷ್ಟೋ ಪಟ್ಟು ಜಾಸ್ತಿ. ಸಂಘರ್ಷ ಅಂದರೆ ಸಾವಿನ ಸಂಖ್ಯೆ ಮಾತ್ರ ಅಲ್ಲ, ನಿಂತುಹೋದ ಬದುಕು ಕೂಡ.

ಕೊನೆಗೆ 298 ಹಳ್ಳಿಗರು ಗುಡ್ಡದ ಮೇಲೆ ಸಾಲಾಗಿ ನಿಂತು, ತಮಟೆ ಬಡಿದು, ಕಲ್ಲು ಉರುಳಿಸಿ ಹುಲಿಯನ್ನು ಎಬ್ಬಿಸಿದರು. ಕಾರ್ಬೆಟ್‌ನ ಗುಂಡು ಮುಗಿದುಹೋದಾಗ ತಹಸೀಲ್ದಾರನ ಬಂದೂಕು ಇಸಕೊಂಡು ಬೇಟೆ ಮುಗಿಸಿದ. ಆಮೇಲೆ ಹುಲಿಯ ಬಾಯಿ ತೆರೆದು ನೋಡಿದ. ಬಲಗಡೆಯ ಎರಡು ಕೋರೆಹಲ್ಲು ಮುರಿದಿದ್ದವು, ಮೇಲಿನದು ಅರ್ಧಕ್ಕೆ, ಕೆಳಗಿನದು ಬುಡದವರೆಗೆ. ಕಾರಣ, ಎಷ್ಟೋ ವರ್ಷದ ಹಿಂದೆ ಯಾರೋ ಹೊಡೆದ ಬಂದೂಕಿನ ಗುಂಡು. ಜಿಂಕೆ, ಕಡವೆ ಹಿಡಿಯುವ ಶಕ್ತಿ ಹೋದ ಹುಲಿ ಮೆಲ್ಲಗೆ ಓಡುವ ಪ್ರಾಣಿಗೆ ಬಂದಿತ್ತು. ಆ ಪ್ರಾಣಿ ನಾವು.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇದು ಫೇಲ್ಯೂರ್ ಅನಾಲಿಸಿಸ್. ಮೆಷಿನ್ ಕೆಟ್ಟಾಗ ಹೊಸ ಪಾರ್ಟ್ ಹಾಕಿ ಬಿಟ್ಟರೆ ಮುಗೀಲಿಲ್ಲ. ಯಾಕೆ ಕೆಟ್ಟಿತು ಅಂತ ಬಿಚ್ಚಿ ನೋಡಬೇಕು. ಕಾರ್ಬೆಟ್ ತಾನು ಕೊಂದ ನರಭಕ್ಷಕಗಳನ್ನು ಹೀಗೆ ಬಿಚ್ಚಿ ನೋಡುತ್ತಿದ್ದ. ಮುಕ್ತೇಶ್ವರದ ಹೆಣ್ಣು ಹುಲಿ 24 ಜನರನ್ನು ಕೊಂದಿತ್ತು. ಅದು ಮುಳ್ಳುಹಂದಿಯ ಜೊತೆ ಕಾದಾಡಿ ಒಂದು ಕಣ್ಣು ಕಳಕೊಂಡಿತ್ತು, ಮುಂಗಾಲಿನಲ್ಲಿ ಸುಮಾರು 50 ಮುಳ್ಳು ಚುಚ್ಚಿಕೊಂಡಿತ್ತು. ಗಾಯ ನೆಕ್ಕುತ್ತಾ ಮಲಗಿದ್ದಾಗ ಹುಲ್ಲು ಕೊಯ್ಯೋಕೆ ಬಂದ ಹೆಂಗಸೊಬ್ಬಳು ಹತ್ತಿರ ಬಂದದ್ದೇ ಮೊದಲ ಸಾವು. ಠಾಕ್ ಎಂಬ ಊರಿನ ಜನ ಮನೆಮಠ ಬಿಟ್ಟು ಓಡಿಹೋಗುವಂತೆ ಮಾಡಿದ ಹುಲಿಯ ಮೈಯಲ್ಲೂ ಹಳೆಯ ಗುಂಡಿನ ಗಾಯ ಕೊಳೆತಿತ್ತು. ಅದನ್ನು ಕೊಂದದ್ದು 1938ರಲ್ಲಿ. ಅದೇ ಅವನು ಹೊಡೆದ ಕೊನೆಯ ನರಭಕ್ಷಕ. ಆಗ ಅವನಿಗೆ 63 ವರ್ಷ.

ಚಿರತೆಗಳ ವಿಷಯದಲ್ಲಿ ಅವನು ಕಂಡ ಕಾರಣ ಬೇರೆ. ಬೆಟ್ಟದ ಊರುಗಳಲ್ಲಿ ಸಾಂಕ್ರಾಮಿಕ ರೋಗ ಬಂದು ಜನ ಸಾಲುಸಾಲಾಗಿ ಸತ್ತಾಗ ಸುಡೋಕೂ ಆಗದೆ ಹೆಣಗಳನ್ನು ಕಣಿವೆಗೆ ಬಿಡುತ್ತಿದ್ದರು. ಚಿರತೆ ಅಲ್ಲಿ ರುಚಿ ಕಲಿಯುತ್ತಿತ್ತು. ರೋಗ ಮುಗಿದ ಮೇಲೆ ಊರಿಗೇ ಬರುತ್ತಿತ್ತು. ರುದ್ರಪ್ರಯಾಗದ ಚಿರತೆ ಶುರು ಮಾಡಿದ್ದು 1918ರಲ್ಲಿ, ಇನ್‌ಫ್ಲುಯೆಂಜಾ ದೇಶವನ್ನೇ ಹಿಂಡಿದ ವರ್ಷ. ಎಂಟು ವರ್ಷದಲ್ಲಿ ಅದು ತಿಂದದ್ದು ಸರ್ಕಾರಿ ಲೆಕ್ಕದಲ್ಲೇ 125 ಜನ. ಕೇದಾರ, ಬದರಿಯ ಯಾತ್ರಿಕರು ನಡೆಯುವ ದಾರಿ ಅದು. ಕತ್ತಲಾದ ಮೇಲೆ ಒಬ್ಬರೂ ಹೊರಗೆ ಕಾಲಿಡುತ್ತಿರಲಿಲ್ಲ. ಸರ್ಕಾರ 10,000 ರೂಪಾಯಿ ಮತ್ತು ಎರಡು ಹಳ್ಳಿಗಳ ಬಹುಮಾನ ಇಟ್ಟಿತು, ವಿಷ ಇಟ್ಟಿತು, ಬೋನು ಇಟ್ಟಿತು. ಚಿರತೆ ಯಾವುದಕ್ಕೂ ಜಗ್ಗಲಿಲ್ಲ.

ಕಾರ್ಬೆಟ್ ಮೊದಲು ಮಾಡಿದ್ದು ಜಾಗ ಚಿಕ್ಕದು ಮಾಡುವ ಕೆಲಸ. ಆ ಕಣಿವೆಯಲ್ಲಿ ಅಲಕನಂದಾ ರಭಸವಾಗಿ ಹರಿಯುತ್ತೆ, ಚಿರತೆ ದಾಟಬೇಕಾದರೆ ತೂಗುಸೇತುವೆಯೇ ಗತಿ. ಒಂದು ಸೇತುವೆಗೆ ಮುಳ್ಳು ಹೊಡೆಸಿ ಮುಚ್ಚಿಸಿದ. ಇನ್ನೊಂದರ ಗೋಪುರದ ಮೇಲೆ ಕೊರೆಯುವ ಗಾಳಿಯಲ್ಲಿ ತಾನೇ 20 ರಾತ್ರಿ ಕೂತ. ಹತ್ತು ವಾರದ ಮೇಲೆ ದಣಿದು ವಾಪಸ್ ಹೋದ. ಮತ್ತೆ ಬಂದ. 1926ರ ಮೇ ತಿಂಗಳ ಶುರುವಿನಲ್ಲಿ ಗುಲಾಬ್‌ರಾಯ್ ಎಂಬಲ್ಲಿ ರಸ್ತೆ ಬದಿಯ ಮಾವಿನ ಮರದ ಮೇಲೆ ಕೂತಿದ್ದಾಗ ಕೆಳಗೆ ಕಟ್ಟಿದ್ದ ಮೇಕೆಯ ಕೊರಳ ಗಂಟೆ ಜೋರಾಗಿ ಅಲುಗಿತು. ರೈಫಲ್‌ಗೆ ಕಟ್ಟಿದ್ದ ಟಾರ್ಚ್ ಹೊತ್ತಿಸಿ ಒಂದೇ ಗುಂಡು ಹೊಡೆದ. ಬೆಳಗಾದ ಮೇಲೆ ನೋಡಿದರೆ ಬಿದ್ದಿದ್ದದ್ದು ಒಂದು ಮುದಿ ಚಿರತೆ. ಜನ ದೆವ್ವ ಅಂದುಕೊಂಡಿದ್ದರು.

ಗುಡ್ಡದ ಜನರ ನಾಲಿಗೆಯಲ್ಲಿ ಕಾರ್ಬೆಟ್ ಸಾಹೇಬ್ ಕಾರ್ಪೆಟ್ ಸಾಹೇಬ್ ಆದ. ಅವನ ಬಗ್ಗೆ ನಮಗೆ ತುಂಬ ಇಷ್ಟ ಆದ ಕತೆ 1930ರದು. ಚೌಗಢದ ಹೆಣ್ಣು ಹುಲಿ ಐದು ವರ್ಷದಲ್ಲಿ 64 ಜನರನ್ನು ಕೊಂದಿತ್ತು. ಅದರ ಹಿಂದೆ ಹೋಗುತ್ತಿದ್ದಾಗ ಕಾರ್ಬೆಟ್ ದಾರಿಯಲ್ಲಿ ನತ್ತಿಂಗ ಹಕ್ಕಿಯ ಎರಡು ಮೊಟ್ಟೆ ಕಂಡು, ಸಂಗ್ರಹಕ್ಕೆ ಅಂತ ಎಡಗೈಯಲ್ಲಿ ಹಿಡಿದುಕೊಂಡ. ಒಂದು ದೊಡ್ಡ ಬಂಡೆ ಬಳಸಿ ತಿರುಗಿದರೆ ಕೆಲವೇ ಅಡಿ ದೂರದಲ್ಲಿ ಹುಲಿ. ಗಡಿಬಿಡಿ ಮಾಡಿದರೆ ಅದು ಹಾರುತ್ತೆ. ಕೈಯಲ್ಲಿ ಮೊಟ್ಟೆ ಇದ್ದದ್ದಕ್ಕೆ ನಿಧಾನವೇ ಗತಿಯಾಯಿತು. ಒಂದೇ ಕೈಯಲ್ಲಿ ರೈಫಲನ್ನು ಇಂಚಿಂಚೇ ತಿರುಗಿಸಿ ಹೊಡೆದ. ಆಮೇಲೆ ವಾಪಸ್ ನಡೆದು ಹೋಗಿ ಮೊಟ್ಟೆಗಳನ್ನು ಇದ್ದ ಜಾಗದಲ್ಲೇ ಇಟ್ಟ. ಅರ್ಧ ಗಂಟೆ ಕಳೆದು ನೋಡಿದರೆ ತಾಯಿ ಹಕ್ಕಿ ಬಂದು ಕಾವು ಕೂತಿತ್ತು.

ಹಾಗಂತ ಅವನನ್ನು ದೇವರು ಮಾಡೋದು ಬೇಡ. ಅದೇ 1930ರಲ್ಲಿ ಪೊವಲ್‌ಗಢದ ದೊಡ್ಡ ಗಂಡು ಹುಲಿಯನ್ನೂ ಅವನು ಹೊಡೆದ. ಅದು ಯಾವ ಮನುಷ್ಯನನ್ನೂ ಕೊಂದದ್ದಲ್ಲ. ದೊಡ್ಡ ಹುಲಿ ಎಂಬ ಒಂದೇ ಕಾರಣಕ್ಕೆ ವರ್ಷಗಟ್ಟಲೆ ಶಿಕಾರಿಗಳೆಲ್ಲ ಅದರ ಹಿಂದೆ ಬಿದ್ದಿದ್ದರು, ಅವನೂ ಬಿದ್ದ. ಇನ್ನೊಂದು ಮಾತೂ ಇದೆ. ಹುಲಿಯ ಹಲ್ಲು ಮುರಿದ ಗುಂಡು ಯಾರದು? ಮೋಜಿಗೆ ಬಂದ ಸಾಹೇಬರು, ರಾಜರು, ಅರೆಬರೆ ಗುರಿಯ ಶಿಕಾರಿಗಳು ಎಲ್ಲರ ಕೈಯಲ್ಲೂ ಬಂದೂಕಿತ್ತು. ಗಾಯ ಮಾಡಿದವರು ಡಾಕ್ ಬಂಗಲೆಯಲ್ಲಿ ಊಟ ಮಾಡಿ ಹೊರಟುಹೋದರು. ಅದರ ಬಾಕಿ ತೀರಿಸಿದ್ದು ಹುಲ್ಲು, ಸೊಪ್ಪು, ಸೌದೆಗೆ ಹೋದ ಹೆಂಗಸರು. ಕಾರ್ಬೆಟ್ ಹುಟ್ಟಿ ಬೆಳೆದದ್ದೂ ಆ ಸಾಹೇಬರ ಲೋಕದಲ್ಲೇ. ಆದರೆ ಆ ಲೆಕ್ಕ ಅವನಿಗೆ ಕಾಣಿಸಿತು ಅನ್ನೋದು ಅವನ ವಿಶೇಷ.

ಕಂಡದ್ದರಿಂದಲೇ ಅವನು ನಿಧಾನವಾಗಿ ಬದಲಾದ. ಫ್ರೆಡರಿಕ್ ಚಾಂಪಿಯನ್ ಎಂಬ ಅರಣ್ಯಾಧಿಕಾರಿ 1920ರ ದಶಕದಲ್ಲೇ ಕಾಡಿನ ದಾರಿಗೆ ಅಡ್ಡ ತಂತಿ ಕಟ್ಟಿ, ಹುಲಿ ಅದನ್ನು ತುಳಿದರೆ ಫ್ಲ್ಯಾಶ್ ಹೊಡೆದು ಫೋಟೊ ತೆಗೆಯುವ ಏರ್ಪಾಡು ಮಾಡಿದ್ದ. ಇವತ್ತಿನ ಕ್ಯಾಮೆರಾ ಟ್ರ್ಯಾಪ್‌ನ ಅಜ್ಜ ಅದು. ಅದನ್ನು ನೋಡಿ ಕಾರ್ಬೆಟ್‌ಗೂ ಕ್ಯಾಮೆರಾ ಹುಚ್ಚು ಹಿಡಿಯಿತು. ಆದರೆ ಅವನದು ಸಿನಿಮಾ ಕ್ಯಾಮೆರಾ, ಗರಗರ ಸದ್ದು ಮಾಡೋದು. ಹುಲಿ ಕಿವಿ ಬಲು ಚುರುಕು. ಅದಕ್ಕೆ ಅವನು ಒಂದು ಸಣ್ಣ ತೊರೆಗೆ ಅಡ್ಡಗಟ್ಟೆ ಹಾಕಿ ಪುಟ್ಟ ಪುಟ್ಟ ಜಲಪಾತ ಮಾಡಿದ. ನೀರಿನ ಸದ್ದಿನಲ್ಲಿ ಕ್ಯಾಮೆರಾ ಸದ್ದು ಮುಳುಗಿಹೋಯಿತು. ಹೀಗೆ 1938ರಲ್ಲಿ ಏಳು ಹುಲಿಗಳನ್ನು ಫಿಲ್ಮ್‌ನಲ್ಲಿ ಹಿಡಿದ. ಎಲೆಕ್ಟ್ರಾನಿಕ್ಸ್‌ನವರು ನಾಯ್ಸ್ ಮಾಸ್ಕಿಂಗ್ ಅಂತ ಓದ್ತಾರಲ್ಲ, ಅದು ಇದೇ. 1936ರಲ್ಲಿ ಭಾರತದ ಮೊದಲ ರಾಷ್ಟ್ರೀಯ ಉದ್ಯಾನ ಆದಾಗ ಅದರ ಗಡಿ ಗುರುತಿಸಲು ನೆರವಾದವರಲ್ಲಿ ಅವನೂ ಒಬ್ಬ. ಆಗ ಅದರ ಹೆಸರು ಹೇಲಿ ನ್ಯಾಷನಲ್ ಪಾರ್ಕ್.

ಈಗ ಆ ಗೋಡೆಯ ವಿಷಯ. 1915ರ ಹೊತ್ತಿಗೆ ಕಾರ್ಬೆಟ್ ಕಾಲಾಢೂಂಗಿಯ ಪಕ್ಕದ ಛೋಟಿ ಹಲ್ದ್ವಾನಿ ಎಂಬ ಪಾಳುಬಿದ್ದ ಹಳ್ಳಿ ಕೊಂಡು, ಒಕ್ಕಲುಗಳನ್ನು ಕರೆಸಿ ನೆಲೆ ಮಾಡಿದ. ಸುತ್ತ ಕಾಡು. ರಾತ್ರಿಯಾದರೆ ಕಾಡುಹಂದಿ, ಜಿಂಕೆಗಳ ಹಿಂಡು ಬಂದು ಬೆಳೆ ಹಾಳು ಮಾಡುತ್ತಿದ್ದವು. ಇಲ್ಲಿ ನರಭಕ್ಷಕ ಇಲ್ಲ, ಪೇಪರ್‌ನಲ್ಲಿ ಬರುವ ಸುದ್ದಿಯೂ ಇಲ್ಲ. ಆರು ತಿಂಗಳ ದುಡಿಮೆ ಒಂದೇ ರಾತ್ರಿಯಲ್ಲಿ ಹೋದ ರೈತ ಮಾತ್ರ ಇದ್ದ. ಆ ಕಾಲದಲ್ಲಿ ದೇಶದಲ್ಲೇ ಅವನಿಗಿಂತ ಒಳ್ಳೆಯ ಗುರಿಕಾರರು ಸಿಗೋದು ಕಷ್ಟ. ಬೇಕಿದ್ದರೆ ಹಂದಿಗಳನ್ನು ದಿನಾ ಹೊಡೀತಾ ಕೂರಬಹುದಿತ್ತು. ಅವನು ಕಟ್ಟಿಸಿದ್ದು ಗೋಡೆ. ಹಳ್ಳಿಯ ಸುತ್ತ, ಮೈಲುಗಟ್ಟಲೆ ಉದ್ದ, ಆಳೆತ್ತರದ ಕಲ್ಲಿನ ಗೋಡೆ. ಮುಗಿಯೋಕೆ ವರ್ಷಗಳೇ ಹಿಡಿದವು, ಖರ್ಚು ಅವನದು. ಬಂದೂಕಿನಲ್ಲಿ ಇವತ್ತಿನ ಹಂದಿ ಸಾಯುತ್ತೆ, ನಾಳೆ ಇನ್ನೊಂದು ಬರುತ್ತೆ. ಗೋಡೆ ಇದ್ದರೆ ಹಂದಿಯೂ ಉಳೀತು, ಬೆಳೆಯೂ ಉಳೀತು. ಆ ಗೋಡೆಯನ್ನು ಇವತ್ತಿಗೂ ಅಲ್ಲಿ ನೋಡಬಹುದು.

1944ರಲ್ಲಿ ಅವನ ಮೊದಲ ಪ್ರಸಿದ್ಧ ಪುಸ್ತಕ, ಕುಮಾಂವ್‌ನ ನರಭಕ್ಷಕಗಳ ಕತೆ, ಹೊರಬಂದು ಲೋಕಪ್ರಸಿದ್ಧ ಆಯಿತು. ಮದುವೆಯಾಗದ ಕಾರ್ಬೆಟ್ ಮತ್ತು ಅಕ್ಕ ಮ್ಯಾಗಿ 1947ರ ಕೊನೆಗೆ ನೈನಿತಾಲ್‌ನ ಮನೆ ಮಾರಿ ಕೀನ್ಯಾಕ್ಕೆ ಹೊರಟರು. ಛೋಟಿ ಹಲ್ದ್ವಾನಿಯ ಒಕ್ಕಲುಗಳ ಕಂದಾಯವನ್ನು ಅಲ್ಲಿಂದಲೂ ಅವನೇ ಕಟ್ಟುತ್ತಿದ್ದ. 1955ರ ಏಪ್ರಿಲ್ 19ರಂದು ಕೀನ್ಯಾದ ನ್ಯೇರಿಯಲ್ಲಿ ತೀರಿಕೊಂಡ. ಸ್ವಲ್ಪ ಕಾಲದಲ್ಲೇ ಪಾರ್ಕ್‌ಗೆ ಅವನ ಹೆಸರು ಬಂತು. 1968ರಲ್ಲಿ ಇಂಡೋಚೈನಾದ ಹುಲಿಯ ಉಪಜಾತಿಗೂ ಅವನ ಹೆಸರಿಟ್ಟರು. ಹುಲಿ ಕೊಂದವನ ಹೆಸರನ್ನು ಒಂದು ಹುಲಿಯೇ ಹೊತ್ತುಕೊಂಡಿದೆ.

1973ರಲ್ಲಿ ಪ್ರಾಜೆಕ್ಟ್ ಟೈಗರ್ ಶುರುವಾದದ್ದು ಅದೇ ಪಾರ್ಕ್‌ನಲ್ಲಿ. ಮೊದಲ ಒಂಬತ್ತು ಹುಲಿ ಮೀಸಲುಗಳಲ್ಲಿ ನಮ್ಮ ಬಂಡೀಪುರವೂ ಇತ್ತು. ಅಲ್ಲಿಂದ ಕತೆ ನಮ್ಮ ಮನೆ ಬಾಗಿಲಿಗೆ ಬಂತು. 2023ರ ಎಣಿಕೆಯಂತೆ ಕರ್ನಾಟಕದಲ್ಲಿ 6,395 ಆನೆಗಳಿವೆ, ದೇಶದಲ್ಲೇ ಹೆಚ್ಚು. ಹೆಮ್ಮೆ ಪಡೋಕೆ ಎಲ್ಲರೂ ಇದ್ದೀವಿ. ಭತ್ತ, ಬಾಳೆ ಕಳಕೊಳ್ಳೋಕೆ ಮಾತ್ರ ಕಾಡಂಚಿನ ರೈತರು. ಕಂದಕ ತೋಡಿದ್ದಾಯ್ತು, ಸೋಲಾರ್ ಬೇಲಿ ಹಾಕಿದ್ದಾಯ್ತು. ನಾಗರಹೊಳೆ, ಬಂಡೀಪುರದ ಅಂಚಿನಲ್ಲಿ ಹಳೆಯ ರೈಲು ಕಂಬಿಗಳನ್ನು ನೆಟ್ಟು ಬ್ಯಾರಿಕೇಡ್ ಮಾಡಿದ್ದಾರೆ. ರೈಲ್ವೆ ಮನುಷ್ಯ ಕಾರ್ಬೆಟ್ ನೋಡಿದ್ದರೆ ಖಂಡಿತ ಹತ್ತಿರ ಹೋಗಿ ಕೈಯಾಡಿಸಿ ನೋಡುತ್ತಿದ್ದ. ಹುಲಿ ಮನುಷ್ಯನನ್ನು ಕೊಂದಾಗ ಈಗ ಕ್ಯಾಮೆರಾ ಟ್ರ್ಯಾಪ್ ಇಟ್ಟು, ಪಟ್ಟೆ ಹೋಲಿಸಿ, ಕೊಂದದ್ದು ಇದೇ ಹುಲಿಯಾ ಅಂತ ಮೊದಲು ಗುರುತಿಸಬೇಕು ಎಂಬ ನಿಯಮ ಇದೆ. ಅವನು ಪಂಜದ ಗುರುತು ನೋಡಿ ಮಾಡುತ್ತಿದ್ದದ್ದೂ ಅದನ್ನೇ.

ಸೆನ್ಸರ್, ಡ್ರೋನ್, ಥರ್ಮಲ್ ಕ್ಯಾಮೆರಾ ಅಂತ ನಮ್ಮ ಪ್ರಾಜೆಕ್ಟ್‌ಗಳಲ್ಲಿ ಪ್ರತಿ ವರ್ಷ ಒಂದಾದರೂ ಆನೆ ಎಚ್ಚರಿಕೆ ಸಿಸ್ಟಮ್ ಇರುತ್ತೆ. ಮಾಡೋಣ, ಒಳ್ಳೇದೇ. ಆದರೆ ಸರ್ಕ್ಯೂಟ್ ಬರೆಯುವ ಮೊದಲು ಕಾರ್ಬೆಟ್‌ನ ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಈ ಪ್ರಾಣಿ ಇಲ್ಲಿಗೆ ಯಾಕೆ ಬಂತು? ಅದು ಬಂದದ್ದರಿಂದ ಯಾರ ಯಾವ ಕೆಲಸ ನಿಂತಿದೆ? ಉತ್ತರ ಲ್ಯಾಬಿನಲ್ಲಿ ಸಿಗಲ್ಲ, ಆ ಹೊಲದ ಬದುವಿಗೆ ಹೋಗಿ ನಿಲ್ಲಬೇಕು.

ರುದ್ರಪ್ರಯಾಗದ ಕತೆಯನ್ನು ಪೂರ್ಣಚಂದ್ರ ತೇಜಸ್ವಿ ಕನ್ನಡಕ್ಕೆ ತಂದಿದ್ದಾರೆ, ಹೆಸರು ರುದ್ರಪ್ರಯಾಗದ ಭಯಾನಕ ನರಭಕ್ಷಕ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮ್ಮಂಥವರಿಗೂ ಕಷ್ಟ ಆಗಲ್ಲ. ಇಂಟರ್ನಲ್ಸ್ ಮುಗಿದ ಮೇಲೆ ಓದಿ, ಹಿಂದಿನ ರಾತ್ರಿ ಶುರು ಮಾಡಬೇಡಿ. ಕೆಳಗಿಡೋಕೆ ಆಗಲ್ಲ.